ತೂಕ ವರ್ಗದ ಕಣ್ಣಿನಿಂದ: ಕರಣಂ ಮಲ್ಲೇಶ್ವರಿಯ ಅಂತರರಾಷ್ಟ್ರೀಯ ಸ್ಪರ್ಧಾ ಜೀವನ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆಯಲ್ಲಿ ಭಾರ ಎತ್ತುವುದಕ್ಕೆ ಎರಡು ಬೇರೆ ಬೇರೆ ಚರಿತ್ರೆಗಳಿವೆ. ಒಂದು ಗರಡಿಯದು, ಜಾತ್ರೆಯದು. ಹುಡುಗರು ಗುಂಡನ್ನು ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಬೆನ್ನ ಹಿಂದಕ್ಕೆ ಚೆಲ್ಲುತ್ತಾರೆ. ಗೆದ್ದವನ ಹೆಸರು ಊರಿನಲ್ಲಿ ಉಳಿಯುತ್ತದೆ. ಇನ್ನೊಂದು ಖಣಿಯದು. ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು, ಇನ್ನೊಬ್ಬರ ಕೈಯಿಂದ ಫರ್ಸಿ ಎತ್ತಿಸಿಕೊಂಡು, ಕುತ್ತಿಗೆ ಅಲುಗದಂತೆ ದಿಣ್ಣೆ ಹತ್ತುತ್ತಾರೆ. ಅವರು ಹೊತ್ತ ತೂಕವನ್ನು ಯಾರೂ ಬರೆದಿಡಲಿಲ್ಲ. ಇಲ್ಲಿ ಹೆಣ್ಣಿನ ಬಲ ಕೂಲಿಯ ಲೆಕ್ಕಕ್ಕೆ ಮಾತ್ರ ಬಂತು, ಸ್ಪರ್ಧೆಯ ಲೆಕ್ಕಕ್ಕೆ ಬರಲಿಲ್ಲ.

ಜಗತ್ತಿನ ದಾಖಲೆಯೂ ಇದಕ್ಕಿಂತ ಬಹಳ ಉದಾರವಾಗಿರಲಿಲ್ಲ. 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲೇ ಗಂಡಸರ ಭಾರ ಎತ್ತುವ ಸ್ಪರ್ಧೆ ಇತ್ತು. ಮಹಿಳೆಯರಿಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1987ರಲ್ಲಿ, ಅಮೆರಿಕದ ಡೇಟೋನಾ ಬೀಚಿನಲ್ಲಿ. ಏಷ್ಯನ್ ಕ್ರೀಡಾಕೂಟದ ಬಾಗಿಲು 1990ರಲ್ಲಿ ಬೀಜಿಂಗಿನಲ್ಲಿ ತೆರೆಯಿತು, ಒಲಿಂಪಿಕ್ಸಿನದು 2000ದಲ್ಲಿ ಸಿಡ್ನಿಯಲ್ಲಿ. ಈ ಹದಿಮೂರು ವರ್ಷಗಳ ಅವಧಿಯಲ್ಲೇ ಕರಣಂ ಮಲ್ಲೇಶ್ವರಿಯ ಸ್ಪರ್ಧಾ ಜೀವನದ ಮುಖ್ಯ ಭಾಗವೆಲ್ಲ ಕುಳಿತಿದೆ. ಅದನ್ನು ಸಾಮಾನ್ಯವಾಗಿ ಸಿಡ್ನಿಯ ಕಂಚಿನ ಪದಕದಿಂದ ಹಿಂದಕ್ಕೆ ಓದುತ್ತಾರೆ. ತೂಕ ವರ್ಗಗಳ ಬದಲಾವಣೆಯನ್ನು ಹಿಡಿದು ಮುಂದಕ್ಕೆ ಓದಿದರೆ ಆ ಕಂಚಿನ ಬೆಲೆ ಹೆಚ್ಚಾಗಿ ಕಾಣುತ್ತದೆ ಎಂಬುದು ಈ ಲೇಖನದ ವಾದ.

ಮಲ್ಲೇಶ್ವರಿ ಹುಟ್ಟಿದ್ದು 1975ರ ಜೂನ್ 1ರಂದು, ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ. ತಂದೆ ರೈಲ್ವೆ ರಕ್ಷಣಾ ದಳದ ನೌಕರ. ವಾಡಿ ಜಂಕ್ಷನ್ನಿನ ಕ್ವಾರ್ಟರ್ಸುಗಳನ್ನು ಕಂಡವರಿಗೆ ಆ ಬಗೆಯ ಸಂಸಾರದ ಪರಿಚಯ ಇದ್ದೇ ಇರುತ್ತದೆ: ಸರಕಾರಿ ಸಂಬಳ ಸಣ್ಣದು, ಮಕ್ಕಳು ಹಲವರು. ಅಕ್ಕತಂಗಿಯರು ಸೇರಿ ಬಾರ್ಬೆಲ್ ಹಿಡಿದ ಮನೆ ಅದು. ಕಲಿಸಿದವರು ಆಮದಾಲವಲಸದ ನೀಲಂಶೆಟ್ಟಿ ಅಪ್ಪಣ್ಣ. ಮಹಿಳಾ ವೇಟ್‌ಲಿಫ್ಟಿಂಗ್ ಎಂಬುದು ದೇಶಕ್ಕೇ ಹೊಸತಾಗಿದ್ದಾಗ ಒಂದು ಸಣ್ಣ ಊರಿನ ವ್ಯಾಯಾಮಶಾಲೆಯಲ್ಲಿ ಹುಡುಗಿಯರನ್ನು ಸಾಲಾಗಿ ತಯಾರು ಮಾಡಿದ ಈ ಗುರುವಿನ ಬಗ್ಗೆ ಬರೆದದ್ದು ಕಡಿಮೆ. ಪದಕದ ಕಥೆ ಹೇಳುವಾಗ ಅವರ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸುವುದು ಅನ್ಯಾಯ.

ಕರ್ನಾಟಕದ ನಂಟು ಇಲ್ಲಿಂದ ಶುರುವಾಗುತ್ತದೆ. 1990ರ ಏಷ್ಯನ್ ಕೂಟಕ್ಕೆ ಮುಂಚೆ ನಡೆದ ರಾಷ್ಟ್ರೀಯ ಶಿಬಿರಕ್ಕೆ ಅಕ್ಕನ ಜೊತೆ ಬಂದಿದ್ದ ಹುಡುಗಿಯನ್ನು ಸೋವಿಯತ್ ದಿಗ್ಗಜ ಲಿಯೊನಿದ್ ತಾರಾನೆಂಕೊ ಗುರುತಿಸಿ ಬೆಂಗಳೂರಿನ ಕ್ರೀಡಾ ಸಂಸ್ಥೆಗೆ ಸೇರಿಸಿದರು ಎಂಬ ಕಥೆ ಎಷ್ಟೋ ಕಡೆ ಅಚ್ಚಾಗಿದೆ. ಬೆಂಗಳೂರಿನ ಶಿಬಿರಗಳು ಅವರನ್ನು ಬೆಳೆಸಿದ್ದು ನಿಜ. ತಾರಾನೆಂಕೊ ಪಾತ್ರವನ್ನು ಮಾತ್ರ ಹಾಗೇ ಒಪ್ಪುವುದು ಕಷ್ಟ. 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದಿದ್ದ, 1988ರಲ್ಲಿ 266 ಕಿಲೋ ಕ್ಲೀನ್ ಅಂಡ್ ಜರ್ಕ್ ಮಾಡಿದ್ದ ಆತ 1992ರ ಬಾರ್ಸಿಲೋನಾದಲ್ಲಿ ಇನ್ನೂ ಸ್ಪರ್ಧಿಯಾಗಿದ್ದು ಬೆಳ್ಳಿ ಗೆದ್ದರು. ಭಾರತ ತಂಡದ ತರಬೇತುದಾರರಾಗಿ ಅವರು ಕೆಲಸ ಮಾಡಿದ್ದು ಸಿಡ್ನಿಗೆ ಮುಂಚಿನ ವರ್ಷಗಳಲ್ಲಿ. ನಂತರದ ಗುರು-ಶಿಷ್ಯ ಸಂಬಂಧವನ್ನು ಜನರ ನೆನಪು ಹತ್ತು ವರ್ಷ ಹಿಂದಕ್ಕೆ ಒಯ್ದಿರಬೇಕು.

ಮಲ್ಲೇಶ್ವರಿಗೆ ಮುಂಚೆ ದಾರಿ ತೆರೆದವರು ಮಣಿಪುರದ ಕುಂಜರಾಣಿ ದೇವಿ. 1989ರ ಮ್ಯಾಂಚೆಸ್ಟರ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಮೂರು ಬೆಳ್ಳಿ, ಬೀಜಿಂಗಿನಲ್ಲಿ ಕಂಚು ಅವರದು. ಮಲ್ಲೇಶ್ವರಿ 54 ಕಿಲೋ ವರ್ಗದಲ್ಲಿ 1993ರ ಮೆಲ್ಬರ್ನಿನಲ್ಲಿ ಕಂಚು, 1994ರ ಇಸ್ತಾಂಬುಲ್ಲಿನಲ್ಲೂ 1995ರ ಗುವಾಂಗ್‌ಝೌನಲ್ಲೂ ಚಿನ್ನ, 1996ರ ವಾರ್ಸಾದಲ್ಲಿ ಮತ್ತೆ ಕಂಚು ಗೆದ್ದರು. 1994ರ ಹಿರೋಶಿಮಾ ಏಷ್ಯನ್ ಕೂಟದಲ್ಲಿ ಬೆಳ್ಳಿ. ಅರ್ಜುನ ಪ್ರಶಸ್ತಿ, ಖೇಲ್ ರತ್ನ ಈ ಹೊತ್ತಿಗೇ ಬಂದಿದ್ದವು. ಅಂದರೆ ದೇಶ ಅವರನ್ನು ಸಿಡ್ನಿಯಲ್ಲಿ ಕಂಡುಕೊಂಡಿತು ಎನ್ನುವುದು ಪೂರ್ತಿ ಸರಿಯಲ್ಲ. ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದರೂ ಒಲಿಂಪಿಕ್ಸಿನಲ್ಲಿ ಅವರಿಗೆ ಸ್ಪರ್ಧೆಯೇ ಇರಲಿಲ್ಲ. 1996ರ ಅಟ್ಲಾಂಟಾದಲ್ಲಿ ಬಾರ್ಬೆಲ್ ಮುಂದೆ ನಿಂತವರು ಗಂಡಸರು ಮಾತ್ರ.

ಇಲ್ಲಿ ತೂಕ ವರ್ಗದ ಮಾತು ಬರುತ್ತದೆ. ವೇಟ್‌ಲಿಫ್ಟಿಂಗಿನ ಅಂತರರಾಷ್ಟ್ರೀಯ ಒಕ್ಕೂಟ 1993ರಲ್ಲಿ ಎಲ್ಲ ವರ್ಗಗಳನ್ನು ಬದಲಿಸಿತು, ಮತ್ತೆ 1998ರಲ್ಲಿ ಬದಲಿಸಿತು. ಮಹಿಳೆಯರ ಒಂಬತ್ತು ವರ್ಗಗಳು ಏಳಾದವು: 48, 53, 58, 63, 69, 75 ಮತ್ತು ಅದರ ಮೇಲೆ. ಮಲ್ಲೇಶ್ವರಿ ಆಳಿದ್ದ 54 ಕಿಲೋ ವರ್ಗ ನಕಾಶೆಯಿಂದಲೇ ಅಳಿಸಿಹೋಯಿತು. ಹಳೆಯ ವಿಶ್ವ ದಾಖಲೆಗಳನ್ನು ಬದಿಗಿಟ್ಟು ಹೊಸ ಪಟ್ಟಿ ತೆರೆದರು. 1998ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ಅವರು 63 ಕಿಲೋ ವರ್ಗಕ್ಕೆ ಏರಿ ಬೆಳ್ಳಿ ತಂದರು. ಸಿಡ್ನಿಗೆ ಹೋಗುವಾಗ 69 ಕಿಲೋ. ವಿಶ್ವ ಪಟ್ಟ ಕಟ್ಟಿಕೊಂಡ ವರ್ಗಕ್ಕಿಂತ ಹದಿನೈದು ಕಿಲೋ ಮೇಲೆ, ಆ ತೂಕದಲ್ಲೇ ವರ್ಷಗಟ್ಟಲೆ ಬೆಳೆದ ಎದುರಾಳಿಗಳ ನಡುವೆ ನಿಲ್ಲಬೇಕಾಗಿತ್ತು. ಕುಂಜರಾಣಿಯನ್ನು ಬಿಟ್ಟು ಇವರನ್ನು ಆರಿಸಿದ್ದಕ್ಕೆ ಪತ್ರಿಕೆಗಳಲ್ಲಿ ಟೀಕೆ ಬಂದಿತ್ತು. ಮೈ ತೂಕ ಏರಿದ್ದನ್ನೇ ಇಳಿಗಾಲದ ಗುರುತೆಂದು ಓದಿದವರು ವರ್ಗಗಳ ಪಟ್ಟಿಯನ್ನು ನೋಡಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

2000ದ ಸೆಪ್ಟೆಂಬರ್ 19ರ ಸ್ಪರ್ಧೆಯನ್ನು ನಿಧಾನವಾಗಿ ನೋಡಬೇಕು. ಮೊದಲು ಸ್ನ್ಯಾಚ್. ಅಗಲಕ್ಕೆ ಹಿಡಿದ ಸರಳನ್ನು ನೆಲದಿಂದ ಒಂದೇ ಓಟದಲ್ಲಿ ತಲೆಯ ಮೇಲಕ್ಕೆ ಒಯ್ಯಬೇಕು. ಸರಳು ಹೊಟ್ಟೆಯ ಮಟ್ಟ ದಾಟುತ್ತಿದ್ದಂತೆ ಲಿಫ್ಟರ್ ಅದರ ಕೆಳಗೆ ಕುಕ್ಕರಗಾಲಿನಲ್ಲಿ ಕುಸಿದು, ತೋಳು ಸೆಟೆಸಿ ಹಿಡಿದು, ಆಮೇಲೆ ಎದ್ದು ನಿಲ್ಲುತ್ತಾಳೆ. ಮಲ್ಲೇಶ್ವರಿ ಹೀಗೆ ಎತ್ತಿದ್ದು 110 ಕಿಲೋ. ನಮ್ಮ ಅಡತಿ ಅಂಗಡಿಯಲ್ಲಿ ಇಬ್ಬರು ಹಮಾಲರು ಹಿಡಿದು ಬೆನ್ನಿಗೆ ಏರಿಸುವ ಕ್ವಿಂಟಲ್ ತೊಗರಿ ಚೀಲಕ್ಕಿಂತ ಹತ್ತು ಕಿಲೋ ಜಾಸ್ತಿ. ಚೀನಾದ ಲಿನ್ ವೇಯ್ನಿಂಗ್ ಅಷ್ಟನ್ನೇ ಎತ್ತಿದರು, ಹಂಗೆರಿಯ ಎರ್ಜೆಬೆತ್ ಮಾರ್ಕುಶ್ 112.5. ಸರಳನ್ನು ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ ಒಯ್ಯುವ ಕ್ಲೀನ್ ಅಂಡ್ ಜರ್ಕಿನಲ್ಲಿ ಮಲ್ಲೇಶ್ವರಿಯದೂ ಮಾರ್ಕುಶ್‌ರದೂ 130, ಲಿನ್ 132.5. ಲಿನ್, ಮಾರ್ಕುಶ್ ಇಬ್ಬರ ಮೊತ್ತವೂ 242.5. ದೇಹ ತೂಕ ಕಡಿಮೆ ಇದ್ದ ಲಿನ್‌ಗೆ ಚಿನ್ನ ಹೋಯಿತು. ಮಲ್ಲೇಶ್ವರಿಯ ಮೊತ್ತ 240.

ಅವರ ಕೈಯಲ್ಲಿ ಒಂದು ಯತ್ನ ಉಳಿದಿತ್ತು. ಸರಳಿಗೆ 137.5 ಕಿಲೋ ಹಾಕಿಸಿದರು, ಲಿಫ್ಟ್ ವಿಫಲವಾಯಿತು. ಮುಗಿದ ಅಂಕಿಗಳನ್ನು ಹಿಡಿದು ಕೂಡಿದರೆ 135 ಸಾಕಿತ್ತು: ಮೊತ್ತ 245 ಆಗಿ ಎಲ್ಲರನ್ನೂ ದಾಟುತ್ತಿತ್ತು. ಆಗಿನ ನಿಯಮದಲ್ಲಿ ತೂಕ ಏರುತ್ತಿದ್ದುದು 2.5 ಕಿಲೋದ ಮೆಟ್ಟಿಲಿನಲ್ಲಿ, ಹಾಗಾಗಿ 130ರ ನಂತರ 132.5, 135, 137.5 ಮೂರೇ ಹತ್ತಿರದ ಆಯ್ಕೆಗಳು. ಒಂದೇ ಸಲಕ್ಕೆ ಏಳೂವರೆ ಕಿಲೋ ಏರಿಸಿದ ಆ ತೀರ್ಮಾನ ದುಬಾರಿಯಾಯಿತೆಂದು ನನಗೆ ಅನ್ನಿಸುತ್ತದೆ. ಆದರೂ ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಏಕೈಕ ಪದಕ ಈ ಕಂಚು, ಒಲಿಂಪಿಕ್ಸಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಗೆದ್ದ ಮೊದಲನೆಯದು.

ದೇಹ ತೂಕ ಪದಕದ ಬಣ್ಣ ಬದಲಿಸಿದ್ದು ಸಿಡ್ನಿಯಲ್ಲಿ ಮಾತ್ರವಲ್ಲ. 2004ರ ಅಥೆನ್ಸಿನಲ್ಲಿ, 63 ಕಿಲೋ ವರ್ಗದಲ್ಲಿ, ಉಕ್ರೇನಿನ ನತಾಲಿಯಾ ಸ್ಕಾಕುನ್ ಮತ್ತು ಬೆಲಾರೂಸಿನ ಹಾನ್ನಾ ಬತ್ಸ್ಯುಷ್ಕಾ ಇಬ್ಬರೂ ಅದೇ 242.5ಕ್ಕೆ ಬಂದು ನಿಂತರು. ಸ್ನ್ಯಾಚಿನಲ್ಲಿ ಏಳೂವರೆ ಕಿಲೋ ಹಿಂದಿದ್ದ ಸ್ಕಾಕುನ್ 135 ಕಿಲೋ ಜರ್ಕ್ ಮಾಡಿ ಸರಿಗಟ್ಟಿದರು, ಹಗುರ ದೇಹದ ಬಲದಿಂದ ಚಿನ್ನ ಪಡೆದರು. ಅದಕ್ಕೆ ಹಿಂದಿನ ವರ್ಷ ವ್ಯಾಂಕೂವರಿನಲ್ಲಿ ವಿಶ್ವ ಚಾಂಪಿಯನ್ ಆಗುವಾಗ ಅವರು ಕ್ಲೀನ್ ಅಂಡ್ ಜರ್ಕಿನಲ್ಲಿ 138 ಕಿಲೋದ ವಿಶ್ವ ದಾಖಲೆ ಮಾಡಿದ್ದರು. ಉಕ್ರೇನಿನ ಮಹಿಳಾ ವೇಟ್‌ಲಿಫ್ಟಿಂಗಿಗೆ ಅಥೆನ್ಸಿನದು ಮೊದಲ ಒಲಿಂಪಿಕ್ ಚಿನ್ನ. ಆ ದೇಶದ ನಂತರದವರಲ್ಲಿ ಓಲ್ಹಾ ಕೊರೋಬ್ಕಾ 2008ರ ಬೆಳ್ಳಿಯನ್ನು, ಯೂಲಿಯಾ ಕಲಿನಾ 2012ರ ಕಂಚನ್ನು ಮದ್ದಿನ ಮರುಪರೀಕ್ಷೆಯಲ್ಲಿ ಕಳೆದುಕೊಂಡರು. ನಮ್ಮ ಕಡೆಯೂ ಈ ಕಲೆ ಇದೆ. ಕುಂಜರಾಣಿ 2001ರಲ್ಲಿ ಅಮಾನತಾದರು, ಅಥೆನ್ಸಿನಲ್ಲಿ ಇಬ್ಬರು ಭಾರತೀಯ ಮಹಿಳೆಯರು ಸಿಕ್ಕಿಬಿದ್ದರು. ಈ ಕ್ರೀಡೆಯ ಚರಿತ್ರೆ ಬರೆಯುವವರು ಫಲಿತಾಂಶದ ಪಟ್ಟಿಯನ್ನು ಯಾವ ವರ್ಷದ್ದೆಂದು ಕೇಳಿಯೇ ನಂಬಬೇಕು.

ಅಥೆನ್ಸ್ ನಂತರ ಮಲ್ಲೇಶ್ವರಿ ನಿವೃತ್ತರಾದರು. ಹರಿಯಾಣದ ಯಮುನಾನಗರದಲ್ಲಿ ನೆಲೆಸಿ ಭಾರತೀಯ ಆಹಾರ ನಿಗಮದಲ್ಲಿ ಕೆಲಸ ಮಾಡಿದರು, 2021ರಲ್ಲಿ ದೆಹಲಿ ಕ್ರೀಡಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಕರ್ನಾಟಕದಲ್ಲಿ ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದು ಕರಾವಳಿಯನ್ನು ನಕಾಶೆಗೆ ತಂದರು. ಕಲಬುರಗಿ ಜಿಲ್ಲೆಯ ಹುಡುಗಿಯರಿಗೆ ತಾಲ್ಲೂಕು ಮಟ್ಟದಲ್ಲಿ ಒಂದು ಮರದ ವೇದಿಕೆ, 15 ಕಿಲೋದ ಮಹಿಳೆಯರ ಸರಳು, ಕಲಿಸುವ ಒಬ್ಬ ಅಪ್ಪಣ್ಣ ಸಿಗಬೇಕೆಂಬುದು ನನ್ನ ಗಟ್ಟಿ ಮಾತು. ಖಣಿ ಸೀಮೆಯಲ್ಲಿ ಬಲಕ್ಕೆ ಬರವಿಲ್ಲ.

ನಿಯಮಗಳು ಆಮೇಲೂ ಬದಲಾದವು. 2005ರಿಂದ ತೂಕ ಒಂದೊಂದೇ ಕಿಲೋ ಏರಬಹುದಾಯಿತು. ದೇಹ ತೂಕದಿಂದ ಸಮಬಲ ಮುರಿಯುವ ಪದ್ಧತಿ ಹೋದದ್ದು ಅದಕ್ಕೂ ಹಲವು ವರ್ಷಗಳ ನಂತರ. 2018ರಲ್ಲಿ ವರ್ಗಗಳು ಮತ್ತೆ ಹೊಸದಾದವು. 48 ಕಿಲೋದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೀರಾಬಾಯಿ ಚಾನು 49ಕ್ಕೆ ಸರಿದು ಟೋಕಿಯೋದಲ್ಲಿ 202 ಕಿಲೋಗೆ ಬೆಳ್ಳಿ ಪಡೆದರು. 2024ರ ಪ್ಯಾರಿಸ್‌ನಲ್ಲಿ ಮಹಿಳೆಯರಿಗೆ ಉಳಿದದ್ದು ಐದೇ ವರ್ಗ. ಅಲ್ಲಿ ಮೀರಾಬಾಯಿ 199 ಎತ್ತಿ ನಾಲ್ಕನೆಯವರಾದರು, ಕಂಚು ಹೋದದ್ದು 200 ಎತ್ತಿದ ಥಾಯ್ಲೆಂಡಿನ ಹುಡುಗಿಗೆ. ಮಲ್ಲೇಶ್ವರಿಯ ಕಾಲದ ಲೆಕ್ಕದಲ್ಲಿ ಒಂದು ಕಿಲೋ ಅಂತರದ ಸೋಲು ಎಂಬುದೇ ಇರಲಿಲ್ಲ.