ಲೆಕ್ಕಕ್ಕೆ ಸಿಗದ ಗಂಡಸರು, ಲೆಕ್ಕಕ್ಕೆ ಬಾರದ ಹೆಂಗಸರ ದುಡಿಮೆ

2011ರ ಜನಗಣತಿಯ ಎರಡು ಅಂಕಿಗಳನ್ನು ಮೊದಲು ನಿಮ್ಮ ಮುಂದಿಡುತ್ತೇನೆ. ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು. ಮುಂಬಯಿ ನಗರ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 832 ಹೆಂಗಸರು. ಉಡುಪಿಯ ಅಂಕಿ ಕಂಡರೆ ನಮಗೆ ಹೆಮ್ಮೆ. "ನಮ್ಮ ಕರಾವಳಿಯಲ್ಲಿ ಹೆಣ್ಣಿಗೆ ಎಷ್ಟು ಬೆಲೆ ನೋಡಿ" ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ಯೋಚಿಸಿ. ಅಲ್ಲಿ ಕಡಿಮೆಯಾದ ಗಂಡಸರಲ್ಲಿ ಒಂದಿಷ್ಟು ಮಂದಿ ಇಲ್ಲಿ ಹೆಚ್ಚಾದವರೇ ಅಲ್ಲವೇ? ಮುಂಬಯಿ, ಪುಣೆಯಲ್ಲಿ ಕೂತು ಇದನ್ನು ಓದುತ್ತಿರುವ ನೀವೂ ಆ ಲೆಕ್ಕದಲ್ಲಿ ಇದ್ದೀರಿ.

ಅನುಮಾನ ಇದ್ದರೆ ಮಕ್ಕಳ ಲೆಕ್ಕ ನೋಡಿ. ಅದೇ ಗಣತಿಯಲ್ಲಿ, ಅದೇ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ, ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಸುಮಾರು 950 ಮಾತ್ರ. ಅಂದರೆ ಹುಟ್ಟಿನಲ್ಲಿ ಹೆಣ್ಣು ಹೆಚ್ಚಿಲ್ಲ. ದೊಡ್ಡವರಾಗುತ್ತ ಹೋದ ಹಾಗೆ ಗಂಡಸರ ಸಂಖ್ಯೆ ಇಳಿಯುತ್ತದೆ. ಹೆಂಗಸರು ಹೆಚ್ಚು ವರ್ಷ ಬದುಕುವುದು, ಕರಾವಳಿಯಲ್ಲಿ ಆಸ್ಪತ್ರೆ ಮತ್ತು ಶಾಲೆ ಹತ್ತಿರವಿರುವುದು ಇದಕ್ಕೆ ಒಂದು ಕಾರಣ, ನಿಜ. ದಕ್ಷಿಣ ಕನ್ನಡದ ಸಾಕ್ಷರತೆ 88.57 ಶೇಕಡಾ, ಇಡೀ ರಾಜ್ಯದ್ದು 75.36. ಆದರೆ ದೊಡ್ಡ ಕಾರಣ ಬಸ್ಸು, ರೈಲು, ವಿಮಾನ ಹತ್ತಿ ಹೋದವರು. ಉಡುಪಿ ಜಿಲ್ಲೆಯಲ್ಲಿ ಗಂಡಸರು 5,62,131, ಹೆಂಗಸರು 6,15,230. ವ್ಯತ್ಯಾಸ 53,099.

ಈ ಹೋಗುವಿಕೆ ಶುರುವಾದದ್ದು ಹೇಗೆ? ಸ್ವಲ್ಪ ಹಿಂದಕ್ಕೆ ಹೋಗೋಣ.

ಇಂದಿನ ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಸೇರಿದ ಸೌತ್ ಕೆನರಾ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1871ರಲ್ಲಿ ಅಲ್ಲಿನ ಜನಸಂಖ್ಯೆ 9,18,362. ಹತ್ತು ವರ್ಷದ ನಂತರ 9,59,514. ಇದರಲ್ಲಿ ಏನು ವಿಶೇಷ ಎನ್ನುತ್ತೀರಾ? ಘಟ್ಟದ ಮೇಲಿನ ಮೈಸೂರು ಸಂಸ್ಥಾನವನ್ನು ನೋಡಿ. 1871ರಲ್ಲಿ 50,55,412 ಇದ್ದ ಜನ 1881ರಲ್ಲಿ 41,86,188ಕ್ಕೆ ಇಳಿದರು. ನಡುವೆ 1876ರಿಂದ 78ರವರೆಗಿನ ಬರ ಬಂದು ಹೋಗಿತ್ತು. ಘಟ್ಟದ ಮೇಲೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದ ಅದೇ ಹತ್ತು ವರ್ಷದಲ್ಲಿ ಘಟ್ಟದ ಕೆಳಗೆ ನಲವತ್ತು ಸಾವಿರದಷ್ಟು ಹೆಚ್ಚಾದರು. ನೈಋತ್ಯ ಮಾರುತದ ಮಳೆ ಕರಾವಳಿಯ ಜೀವ ಉಳಿಸಿತು.

ಮಳೆ ಜೀವ ಉಳಿಸಿತು, ಆದರೆ ಹೊಟ್ಟೆ ತುಂಬಿಸಿತೇ? ಮಂಗಳೂರಿನ ಬಂದರಿನಿಂದ ಅಕ್ಕಿ ಮಲಬಾರಿಗೆ, ಗೋವೆಗೆ, ಮಸ್ಕತ್ತಿಗೆ ಹಡಗಿನಲ್ಲಿ ಹೋಗುತ್ತಿತ್ತು. ಆ ಅಕ್ಕಿ ಬೆಳೆದವರಲ್ಲಿ ಬಹಳಷ್ಟು ಮಂದಿ ಒಕ್ಕಲುಗಳು. ಮೂಲಗೇಣಿಯವರಿಗೆ ಗೇಣಿ ಖಾಯಂ, ಜಾಗ ಬಿಡಿಸುವ ಹಾಗಿಲ್ಲ. ಚಾಲಗೇಣಿಯವರಿಗೆ ಆ ಭದ್ರತೆ ಇರಲಿಲ್ಲ. ಧಣಿ ಮನಸ್ಸು ಮಾಡಿದರೆ ಬರುವ ವರ್ಷ ಗದ್ದೆ ಇನ್ನೊಬ್ಬನದು. ಗೇಣಿ ಅಕ್ಕಿ ಅಳೆದು ಕೊಟ್ಟ ಮೇಲೆ ಉಳಿದದ್ದರಲ್ಲಿ ಮಳೆಗಾಲ ಕಳೆಯಬೇಕು. ಜೂನ್, ಜುಲೈ ತಿಂಗಳಲ್ಲಿ ಕಡಲಿಗೆ ಇಳಿಯುವಂತಿಲ್ಲ, ಬಂದರಿನಲ್ಲಿ ಕೆಲಸ ಇಲ್ಲ. ಬ್ಯಾರಿಗಳಲ್ಲಿ ಗೇಣಿ ಒಕ್ಕಲುಗಳೂ ಇದ್ದರು, ದೋಣಿ ನಡೆಸುವವರು, ಮೀನು ಮಾರುವವರು, ಸಣ್ಣ ವ್ಯಾಪಾರದವರೂ ಇದ್ದರು. ಎಲ್ಲರಿಗೂ ಆಟಿ ತಿಂಗಳು ಒಂದೇ.

1907ರಲ್ಲಿ ಮಂಗಳೂರಿಗೆ ರೈಲು ಬಂತು. ಆದರೆ ಬಂದದ್ದು ದಕ್ಷಿಣದಿಂದ, ಕೇರಳದ ಕಡೆಯಿಂದ. ಮುಂಬಯಿಗೆ ನೇರ ಹಳಿ ಇರಲಿಲ್ಲ. ಹಡಗು ಹತ್ತಬೇಕು, ಇಲ್ಲವೇ ಘಟ್ಟ ಹತ್ತಿ ಸುತ್ತಿ ಹೋಗಬೇಕು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ದಾರಿ ಇಷ್ಟು ಕಷ್ಟ ಇದ್ದರೂ ಹುಡುಗರು ಹೋದರು. ಹೋಟೆಲಿನಲ್ಲಿ ಲೋಟ ತೊಳೆದರು, ಅಂಗಡಿಯಲ್ಲಿ ನಿಂತರು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದರು. ಬಿಲ್ಲವರು, ಬಂಟರು, ಮೊಗವೀರರು, ಬ್ಯಾರಿಗಳು, ಕ್ರೈಸ್ತರು ಎಲ್ಲರೂ ಆ ದಾರಿಯಲ್ಲಿ ನಡೆದವರೇ.

1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಡಿಕ್ಲರೇಷನ್ ಕೊಟ್ಟ ಒಕ್ಕಲುಗಳು ಗದ್ದೆಯ ಒಡೆಯರಾದರು. ಕರಾವಳಿಯ ಬದುಕನ್ನು ಇಷ್ಟು ಬದಲಿಸಿದ ಕಾನೂನು ಇನ್ನೊಂದಿಲ್ಲ. ಆದರೆ ಗೇಣಿಗೆ ಗದ್ದೆಯೇ ಇಲ್ಲದ ದೋಣಿಯವರಿಗೆ, ಮೀನಿನವರಿಗೆ, ತಲೆಹೊರೆ ವ್ಯಾಪಾರದವರಿಗೆ ಅದರಿಂದ ಗದ್ದೆ ಸಿಗಲಿಲ್ಲ. ಅದೇ ಹೊತ್ತಿಗೆ ಗಲ್ಫಿನ ಬಾಗಿಲು ತೆರೆಯಿತು. ಮುಂದಿನ ಕತೆ ನಿಮಗೇ ಗೊತ್ತು.

ಈಗ ಊರಲ್ಲಿ ಉಳಿದವರ ಕಡೆ ತಿರುಗೋಣ. ಗಂಡಸು ಊರು ಬಿಟ್ಟ ಮನೆ ನಡೆದದ್ದು ಹೇಗೆ? ಮನಿಯಾರ್ಡರಿನಿಂದ ಎನ್ನುತ್ತೇವೆ. ಮನಿಯಾರ್ಡರು ಬಾರದ ತಿಂಗಳು? ಆಗ ನಡೆಸಿದ್ದು ಬೀಡಿ. ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿಸಿ, ಸುರುಟಿ, ನೂಲು ಕಟ್ಟಿ, ಸಂಜೆ ಬ್ರಾಂಚಿಗೆ ಕೊಟ್ಟು ಬರುವುದು. ಕೂಲಿ ಸಾವಿರಕ್ಕೆ ಇಷ್ಟು ಎಂದು. ಕಳಪೆ ಎಂದು ಬದಿಗೆ ಹಾಕಿದ ಬೀಡಿಗೆ ಕಾಸಿಲ್ಲ. ಉಮ್ಮ ಒಲೆಯ ಬದಿಯಲ್ಲಿ, ಅಕ್ಕ ಜಗಲಿಯಲ್ಲಿ, ನೆರೆಮನೆಯ ಬಿಲ್ಲವರ ಹೆಂಗಸು ಅವಳ ಜೊತೆ. ಎಷ್ಟೋ ಮಕ್ಕಳ ಶಾಲೆಯ ಫೀಸು, ಎಷ್ಟೋ ಹುಡುಗಿಯರ ಮದುವೆಯ ಬಂಗಾರ ಈ ಬೀಡಿಯಿಂದ ಬಂದದ್ದು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಸುರುಟುವವರನ್ನೂ ಕಾರ್ಮಿಕರೆಂದೇ ಒಪ್ಪಿತ್ತು.

ಆದರೆ ಗಣತಿಯವರು ಬಂದು "ಮನೆಯ ಹೆಂಗಸರಿಗೆ ಏನು ಕೆಲಸ?" ಎಂದಾಗ ನಾವು ಕೊಡುವ ಉತ್ತರ ಏನು? "ಏನಿಲ್ಲ, ಮನೆಯಲ್ಲೇ ಇರುವುದು." ಬ್ರಾಂಚಿನವರು ಒಂದೊಂದು ಬೀಡಿಯನ್ನೂ ಎಣಿಸಿದ್ದಾರೆ. ಅದನ್ನು ಸುರುಟಿದವಳನ್ನು ದುಡಿಯುವವಳೆಂದು ಎಣಿಸಲು ನಾವೇ ಬಿಡುವುದಿಲ್ಲ. ಗಣತಿಯಲ್ಲಿ ಗೃಹ ಕೈಗಾರಿಕೆ ಎಂಬ ವಿಭಾಗ ಬೇರೆಯೇ ಇದೆ. ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿದವರನ್ನು ಬರೆಯುವುದಕ್ಕೂ ಜಾಗ ಇದೆ. ಹೇಳುವವರು ಹೇಳಬೇಕು, ಅಷ್ಟೇ.

ಇದರಿಂದ ಆಗುವ ನಷ್ಟ ಏನು ಎಂದು ಕೇಳಬಹುದು. ಗಣತಿಯ ಅಂಕಿ ಬರೀ ಪುಸ್ತಕಕ್ಕಲ್ಲ. ದುಡಿಯುವ ಹೆಂಗಸರು ಎಷ್ಟು ಎಂಬುದರ ಮೇಲೆ ಯೋಜನೆ ಬರುತ್ತದೆ. ಬೀಡಿ ಉದ್ಯಮ ಕುಗ್ಗುತ್ತಿರುವ ಈ ಹೊತ್ತಿನಲ್ಲಿ, ಬೇರೆ ಕೆಲಸ ಕೊಡಿ ಎಂದು ಕೇಳುವುದಕ್ಕೂ ಮೊದಲು ಅವರು ಕೆಲಸಗಾರರೆಂದು ದಾಖಲೆಯಲ್ಲಿ ಇರಬೇಕು. ದಕ್ಷಿಣ ಕನ್ನಡದ ಜನಸಂಖ್ಯೆಯಲ್ಲಿ ನೂರಕ್ಕೆ 24 ಮಂದಿ ಮುಸ್ಲಿಮರು ಎಂಬ ಅಂಕಿ ಎಲ್ಲರ ಬಾಯಲ್ಲಿದೆ. ಆ 24ರಲ್ಲಿ ದುಡಿಯುವ ಹೆಂಗಸರು ಎಷ್ಟು ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ.

ಗಂಡಸರ ಲೆಕ್ಕವೂ ಹಾಗೆಯೇ ಜಾರುತ್ತದೆ. ನಮ್ಮ ದೇಶದ ಗಣತಿ ಜನರನ್ನು ಅವರು ಇರುವಲ್ಲಿ ಎಣಿಸುತ್ತದೆ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗಿನ ಅವಧಿಯಿಡೀ ಊರಲ್ಲಿ ಇಲ್ಲದವರ ಹೆಸರನ್ನು ಊರಿನ ಮನೆಯ ಪಟ್ಟಿಯಲ್ಲಿ ಬರೆಯುವ ಹಾಗಿರಲಿಲ್ಲ. ಮುಂಬಯಿಯಲ್ಲಿದ್ದವರು ಮುಂಬಯಿಯ ಲೆಕ್ಕಕ್ಕೆ. ದುಬೈ, ದಮಾಮ್‌ನಲ್ಲಿ ಇದ್ದವರು ಯಾವ ಲೆಕ್ಕಕ್ಕೂ ಇಲ್ಲ.

2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಈಗ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಲೆಕ್ಕದ ದಿನವೆಂದು ಸರಕಾರ ಪ್ರಕಟಿಸಿದೆ. ಆದ್ದರಿಂದ ಮೂರು ಮಾತು.

ಒಂದು, ನೀವು ಇರುವ ಊರಿಗೆ ಗಣತಿಯವರು ಬಂದಾಗ ಹುಟ್ಟಿದ ಜಿಲ್ಲೆ, ಯಾವಾಗ ಬಂದಿರಿ, ಯಾಕೆ ಬಂದಿರಿ, ಮನೆಮಾತು ಯಾವುದು ಎಂದು ಕೇಳಿದರೆ ಪೂರ್ತಿ ಹೇಳಿ. ಹಿಂದಿನ ಗಣತಿಗಳಲ್ಲೂ ಇವನ್ನೆಲ್ಲ ಕೇಳಿದ್ದಾರೆ. "ಹಿಂದಿ ಬರೆಯಿರಿ ಸಾಕು" ಎಂದು ಮುಗಿಸಬೇಡಿ. ಬ್ಯಾರಿಯಾದರೆ ಬ್ಯಾರಿ, ಉರ್ದುವಾದರೆ ಉರ್ದು, ಕನ್ನಡವಾದರೆ ಕನ್ನಡ.

ಎರಡು, ಊರಿಗೆ ಫೋನ್ ಮಾಡಿ. ಬೀಡಿ ಸುರುಟುವುದು, ಹೊಲಿಗೆ, ಹಪ್ಪಳ, ಕೋಳಿ ಸಾಕಣೆ, ಯಾವುದೇ ಇರಲಿ, ಅದನ್ನು ಕೆಲಸವೆಂದೇ ಬರೆಸಲು ಉಮ್ಮನಿಗೆ, ಅಕ್ಕತಂಗಿಯರಿಗೆ ಹೇಳಿ.

ಮೂರನೆಯದು ವಿದ್ಯಾರ್ಥಿಗಳಿಗೆ. ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಪ್ರತಿ ಗ್ರಾಮದ ಗಂಡಸರು, ಹೆಂಗಸರು, ಗೃಹ ಕೈಗಾರಿಕೆಯಲ್ಲಿ ದುಡಿಯುವವರು ಎಷ್ಟು ಎಂದು ಬೇರೆ ಬೇರೆ ಕೊಟ್ಟಿದ್ದಾರೆ. ನಿಮ್ಮ ಅಜ್ಜನ ಊರಿನ ಪುಟ ತೆರೆಯಿರಿ. ಗಂಡಸರು ಎಷ್ಟು ಕಡಿಮೆ ನೋಡಿ, ಅವರೆಲ್ಲ ಎಲ್ಲಿಗೆ ಹೋದರೆಂದು ಮನೆಯ ಹಿರಿಯರನ್ನು ಕೇಳಿ. ದುಡಿಯುವ ಹೆಂಗಸರ ಅಂಕಿ ನೋಡಿ, ನಿಮಗೆ ಗೊತ್ತಿರುವ ಮನೆಗಳನ್ನು ನೀವೇ ಎಣಿಸಿ ಹೋಲಿಸಿ. ಊರಿನ ಚರಿತ್ರೆ ಬರೆಯಲು ಶುರುಮಾಡುವುದಕ್ಕೆ ಅಷ್ಟು ಸಾಕು.