ಕಲ್ಲಿನ ರಥದಿಂದ ಮೊಬೈಲ್ ಪರದೆಯವರೆಗೆ: ನಮ್ಮ ಸೀಮೆಯ ಚಿತ್ರಕಲೆಯ ಒಂದು ಇತಿಹಾಸ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ಹಳೆಯ ನೆನಪುಗಳನ್ನೇ ಬರೆಯೋಣವೆಂದು ಕುಳಿತೆ. ಆದರೆ ಕಳೆದ ವರ್ಷ ನಮ್ಮ ಶಾಲೆಯ ಚಿತ್ರಕಲಾ ಕೊಠಡಿಯಲ್ಲಿ ನಡೆದ ಒಂದು ಸಂಗತಿ ಮನಸ್ಸಿನಿಂದ ಹೋಗಲೊಲ್ಲದು. ನಾನು ಈ ದೋಣಿಮಲೈಯಲ್ಲೇ ಓದಿ, ಚಿತ್ರಕಲಾ ಶಿಕ್ಷಕನಾಗಿ ಇಲ್ಲಿಗೇ ಮರಳಿ ಬಂದವನು. ಇತಿಹಾಸದ ಮೇಷ್ಟ್ರಲ್ಲ. ಆದರೂ ಇದನ್ನು ಇತಿಹಾಸದ ಲೇಖನವೆಂದೇ ಓದಬೇಕೆಂದು ವಿನಂತಿಸುತ್ತೇನೆ.

ಅಂದು ಒಂಬತ್ತನೆಯ ತರಗತಿಯ ಮಕ್ಕಳು ಹಂಪಿಯ ಕಲ್ಲಿನ ರಥವನ್ನು ಡ್ರಾಯಿಂಗ್ ಶೀಟಿನ ಮೇಲೆ ಬರೆದಿದ್ದರು. ಆ ಚಿತ್ರಕ್ಕೆ ಮೊಬೈಲ್ ಕ್ಯಾಮೆರಾ ಹಿಡಿದರೆ ಪರದೆಯಲ್ಲಿ ರಥ ಕಾಗದದಿಂದ ಮೇಲೆದ್ದು ನಿಲ್ಲುತ್ತಿತ್ತು. ಅದರ ನೆತ್ತಿಯ ಮೇಲೆ, ಇಂದು ಹಂಪಿಗೆ ಹೋದರೆ ಕಾಣದ ಒಂದು ಇಟ್ಟಿಗೆಯ ಗೋಪುರ ನಿಧಾನವಾಗಿ ಬೆಳೆಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ಕೇಳಿದಳು: "ಸರ್, ಇಲ್ಲದ ಗೋಪುರ ಎಬ್ಬಿಸಿದ್ವಿ. ನಮ್ಮ ಗುಡ್ಡಾನೂ ಹಿಂಗ ಎಬ್ಬಿಸಾಕ ಆಗತೈತೇನು?"

ಉತ್ತರ ತಕ್ಷಣ ಹೊಳೆಯಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ತಿಳಿದುಕೊಂಡದ್ದೇ ಈ ಬರಹ.

ಎದುರಿಗೆ ನಿಜವಾಗಿ ಇರುವ ವಸ್ತುವಿನ ಮೇಲೆ ಕಂಪ್ಯೂಟರ್ ಬರೆದ ಚಿತ್ರವನ್ನು ಕೂಡಿಸಿ ತೋರಿಸುವ ಈ ವಿದ್ಯೆಗೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ವರ್ಧಿತ ವಾಸ್ತವ ಎನ್ನುತ್ತಾರೆ. ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲಿ ತಲೆಗೆ ಹಾಕಿಕೊಳ್ಳುವ ಒಂದು ಸಾಧನವನ್ನು ತೋರಿಸಿದರು. ಅದನ್ನು ಚಾವಣಿಗೆ ಜೋಡಿಸಿಯೇ ಬಳಸಬೇಕಾಗಿತ್ತು. ಹಾಕಿಕೊಂಡವರಿಗೆ ಕೋಣೆಯ ಗಾಳಿಯಲ್ಲಿ ಬರೀ ಗೆರೆಗಳಿಂದಾದ ಆಕೃತಿಯೊಂದು ತೇಲುವಂತೆ ಕಾಣುತ್ತಿತ್ತು. ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಬಂದದ್ದು 1990ರ ಸುಮಾರಿಗೆ, ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿದ್ದ ಟಾಮ್ ಕಾಡೆಲ್ ಅವರಿಂದ. ವಿಮಾನದ ವೈರುಗಳನ್ನು ಜೋಡಿಸುವ ಕೆಲಸಗಾರರಿಗೆ ಯಾವ ವೈರು ಎಲ್ಲಿಗೆ ಎಂಬುದನ್ನು ಹಲಗೆಯ ಮೇಲೆಯೇ ಕಾಣಿಸುವುದು ಅವರ ಉದ್ದೇಶವಾಗಿತ್ತು. ಹೀಗೆ ಇದು ಕೂಡ ಕೆಲಸಗಾರರ ನಡುವೆ ಬೆಳೆದ ವಿದ್ಯೆ ಎಂಬುದು ಗಣಿಯೂರಿನವನಾದ ನನಗೆ ಸಂತೋಷದ ಸಂಗತಿ.

ಯಂತ್ರ ಹೊರಗಿನದಾದರೂ ಅದರ ಹಿಂದಿನ ಕಲ್ಪನೆ ನಮ್ಮ ಸೀಮೆಗೆ ಹೊಸದಲ್ಲ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯ ಮೂಲಕ ಬಂದ ಬೆಳಕು ಮಹಾಗೋಪುರದ ನೆರಳನ್ನು ತಲೆಕೆಳಗಾಗಿ ಮೂಡಿಸುತ್ತದೆ. ಪ್ರವಾಸಕ್ಕೆ ಹೋದಾಗ ಇದನ್ನು ನೋಡದೆ ಬಂದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇರಲಿಕ್ಕಿಲ್ಲ. ಬೆಳಕು ನೇರವಾಗಿ ಚಲಿಸುವುದರಿಂದ, ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿ ದಾಟಿ ಗೋಡೆಯ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ ಬೀಳುತ್ತದೆ. ನಮ್ಮ ಮೊಬೈಲ್ ಕ್ಯಾಮೆರಾದ ಒಳಗೂ ನಡೆಯುವುದು ಇದೇ.

ಇನ್ನು ತೊಗಲು ಗೊಂಬೆಯಾಟ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣದ ಕಥೆಗಳ ಜೊತೆಗೆ ಗಾಂಧೀಜಿಯ ಜೀವನವನ್ನೂ ತೊಗಲು ಗೊಂಬೆಗಳಲ್ಲಿ ಆಡಿಸಿ ತೋರಿಸಿದವರು. ಗೊಂಬೆಯ ಭುಜ, ಮೊಣಕೈಗಳನ್ನು ಬೇರೆ ಬೇರೆ ತುಂಡುಗಳಾಗಿ ಕತ್ತರಿಸಿ ದಾರದಿಂದ ಕೀಲು ಕಟ್ಟಿ, ಕಡ್ಡಿಯಿಂದ ಆಡಿಸುತ್ತಾರೆ. ಅನಿಮೇಷನ್ ಸಾಫ್ಟ್‌ವೇರಿನಲ್ಲೂ ಆಕೃತಿಯ ಒಳಗೆ ಎಲುಬುಗಳನ್ನು ಕೂಡಿಸಿ, ಕೀಲುಗಳನ್ನು ಗುರುತಿಸಿದ ಮೇಲೆಯೇ ಅದು ಕೈಕಾಲು ಆಡಿಸುತ್ತದೆ. ಅದಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ಮಕ್ಕಳಿಗೆ ನಾನು ಮೊದಲು ತೊಗಲು ಗೊಂಬೆಯನ್ನು ರಟ್ಟಿನಲ್ಲಿ ಮಾಡಿಸಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸುತ್ತೇನೆ.

ಈಗ ಕಲ್ಲಿನ ರಥದ ಗೋಪುರಕ್ಕೆ ಬರುತ್ತೇನೆ. ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಅದು ರಥದ ಆಕಾರದ ಗರುಡನ ಗುಡಿ. 2017ರಿಂದ ಐವತ್ತು ರೂಪಾಯಿ ನೋಟಿನ ಮೇಲೆ ನಾವು ನೋಡುತ್ತಿರುವುದು ಅದನ್ನೇ. ಮುಂದೆ ನಿಂತ ಆನೆಗಳು ಆಮೇಲೆ ಇರಿಸಿದವು. ಅವುಗಳ ಹಿಂದೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲದ ಗುರುತು ಈಗಲೂ ಕಾಣುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರಗಳನ್ನು ತೆಗೆದ. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆ ಗಾರೆಯ ಗೋಪುರ ಇದೆ. ಈಗ ಇಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿದಿದೆ, ಏನು ಹೋಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಅಂದು ಒಬ್ಬ ಕ್ಯಾಮೆರಾ ಹೊತ್ತು ಬಂದಿದ್ದರಿಂದ ಇಂದು ನಮ್ಮ ಮಕ್ಕಳು ಆ ಗೋಪುರವನ್ನು ಮತ್ತೆ ಎಬ್ಬಿಸಲು ಸಾಧ್ಯವಾಯಿತು.

ಹಂಪಿಯನ್ನು ಕಂಪ್ಯೂಟರಿಗೆ ತಂದ ಕೆಲಸವೂ ಸಣ್ಣದಲ್ಲ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಅವರು 2006ರಲ್ಲಿ 'ಪ್ಲೇಸ್ ಹಂಪಿ' ಎಂಬ ಪ್ರದರ್ಶನವನ್ನು ರೂಪಿಸಿದರು. ಹಂಪಿಯ ಬೇರೆ ಬೇರೆ ಜಾಗಗಳ ಸುತ್ತುನೋಟದ ಚಿತ್ರಗಳನ್ನು ದುಂಡನೆಯ ಪರದೆಯ ಮೇಲೆ ಬಿತ್ತರಿಸಿ, ಆ ನಿಜವಾದ ಬಂಡೆ ಮಂಟಪಗಳ ನಡುವೆ ಅನಿಮೇಷನ್ ಮಾಡಿದ ದೇವತೆಗಳನ್ನು ಓಡಾಡಿಸಿದರು. ಯುರೋಪು, ಆಸ್ಟ್ರೇಲಿಯಾ ಸುತ್ತಿದ ಆ ಪ್ರದರ್ಶನ ಕೊನೆಗೆ ನಮ್ಮ ನೆರೆಯ ತೋರಣಗಲ್ಲಿನ ಕಲಾಧಾಮಕ್ಕೇ ಬಂದು ನೆಲೆಸಿತು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ಭಾರತೀಯ ಡಿಜಿಟಲ್ ಪರಂಪರೆ ಯೋಜನೆಯಡಿ ಹಂಪಿಯನ್ನೇ ಆರಿಸಿಕೊಂಡಿತು. ಐ.ಐ.ಟಿ.ಗಳು ಮತ್ತು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಂಥವು ಅದರಲ್ಲಿ ದುಡಿದವು. ಆ ಕೆಲಸದ ವಿವರಗಳು 2017ರಲ್ಲಿ 'ಡಿಜಿಟಲ್ ಹಂಪಿ' ಎಂಬ ಗ್ರಂಥವಾಗಿ ಬಂದಿವೆ.

ಇಷ್ಟು ದೊಡ್ಡವರ ಕೆಲಸ ಸರ್ಕಾರಿ ಶಾಲೆಯ ಮಕ್ಕಳ ಕೈಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಅದಕ್ಕೆ ಮುಖ್ಯ ಕಾರಣ ಬ್ಲೆಂಡರ್ ಎಂಬ ಸಾಫ್ಟ್‌ವೇರ್. ಅದನ್ನು ಮಾಡಿದ ಕಂಪನಿ ಮುಚ್ಚಿದಾಗ ನೆದರ್ಲೆಂಡ್ಸಿನ ಟಾನ್ ರೂಸೆಂಡಾಲ್ ಅವರು ಬಳಕೆದಾರರಿಂದ ಒಂದು ಲಕ್ಷ ಯೂರೊ ಚಂದಾ ಎತ್ತಿ, 2002ರಲ್ಲಿ ಅದನ್ನು ಎಲ್ಲರಿಗೂ ಮುಕ್ತಗೊಳಿಸಿದರು. ನಮ್ಮ ಹಳ್ಳಿಗಳಲ್ಲಿ ಊರವರೆಲ್ಲ ಪಟ್ಟಿ ಹಾಕಿ ಗುಡಿ ಕಟ್ಟಿಸುವ ಹಾಗೆ. ಆದ್ದರಿಂದ ಇವತ್ತು ಅದಕ್ಕೆ ಕಾಸು ಕೊಡಬೇಕಿಲ್ಲ.

ಮಾಡುವ ಕ್ರಮ ಹೀಗೆ. ಮೊದಲು ಕಾಗದದ ಮೇಲೆ ಚಿತ್ರ ಬರೆದು ಫೋಟೊ ತೆಗೆಯಬೇಕು. ಇದೇ ಗುರುತಿನ ಚಿತ್ರ. ಬ್ಲೆಂಡರಿನಲ್ಲಿ ಘನಾಕೃತಿಗಳನ್ನು ಎಳೆದು, ಕೊರೆದು, ಜೋಡಿಸಿ ಮಾದರಿ ಮಾಡಬೇಕು. ಅದಕ್ಕೆ ಬಣ್ಣ, ಚಲನೆ ಕೊಡಬೇಕು. ಕೊನೆಗೆ ಅದನ್ನು ಗುರುತಿನ ಚಿತ್ರಕ್ಕೆ ಕಟ್ಟಬೇಕು. ಮೊಬೈಲ್ ಆ ಚಿತ್ರದ ಮೂಲೆಗಳು, ಗೆರೆಗಳು ಕೂಡುವ ಬಿಂದುಗಳನ್ನು ಹುಡುಕಿ, ಕಾಗದ ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಇದೆ ಎಂದು ಲೆಕ್ಕ ಹಾಕಿ ಮಾದರಿಯನ್ನು ನಿಲ್ಲಿಸುತ್ತದೆ.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಮಕ್ಕಳು ರಥದ ಚಕ್ರವನ್ನಷ್ಟೇ ಅಂದವಾಗಿ ಬರೆದಿದ್ದರು. ಚಕ್ರ ಎಲ್ಲ ಕಡೆಯಿಂದಲೂ ಒಂದೇ ಥರ ಕಾಣುವುದರಿಂದ ಮೊಬೈಲಿಗೆ ದಿಕ್ಕು ತಿಳಿಯದೆ ಗೋಪುರ ಗರಗರ ತಿರುಗತೊಡಗಿತು. ಆನೆಯನ್ನೂ ಮೆಟ್ಟಿಲನ್ನೂ ಬರೆದು ಸೇರಿಸಿದ ಮೇಲೆ ಸರಿಹೋಯಿತು. ಎರಡನೆಯ ಸಲ ಶಿಲ್ಪದ ಪ್ರತಿ ಕುಸುರಿಯನ್ನೂ ಕೆತ್ತಿ ಮಾದರಿ ಭಾರವಾಯಿತು, ಮೊಬೈಲ್ ಬಿಸಿಯಾಗಿ ನಿಂತೇ ಹೋಯಿತು. ಕುಸುರಿಯನ್ನು ಬಣ್ಣದಲ್ಲಿ ತೋರಿಸಿ, ಆಕಾರವನ್ನು ಸರಳ ಮಾಡಿದೆವು.

ಒಂದು ಶಿಸ್ತನ್ನು ಮಾತ್ರ ಬಿಡಲಿಲ್ಲ. ಗ್ರೀನ್‌ಲಾ ಚಿತ್ರದಲ್ಲಿ ಕಂಡ ಭಾಗಕ್ಕೆ ಇಟ್ಟಿಗೆಯ ಬಣ್ಣ, ಚಿತ್ರದಲ್ಲಿ ಕಾಣದೆ ನಾವು ಊಹಿಸಿದ ಹಿಂಬದಿಗೆ ಬೂದು ಬಣ್ಣ. ಯಾವುದು ಆಧಾರದಿಂದ ಬಂದದ್ದು, ಯಾವುದು ಊಹೆ ಎಂಬುದನ್ನು ನೋಡುವವರಿಗೆ ತಿಳಿಸಬೇಕೆಂದು 2006ರ ಲಂಡನ್ ಸನ್ನದು ಹೇಳುತ್ತದೆ. ಕಂಪ್ಯೂಟರಿನಲ್ಲಿ ಚೆಂದವಾಗಿ ಕಂಡದ್ದೆಲ್ಲ ನಿಜವೆಂದು ನಂಬುವುದು ಸುಲಭ. ಆದ್ದರಿಂದಲೇ ಈ ಎಚ್ಚರ ಬೇಕು.

ಇನ್ನು ಆ ಹುಡುಗಿಯ ಗುಡ್ಡ. ದೋಣಿಮಲೈಯಲ್ಲಿ ಎನ್.ಎಂ.ಡಿ.ಸಿ.ಯ ಗಣಿ ಕೆಲಸ ಶುರುವಾದದ್ದು 1977ರಲ್ಲಿ. ಆ ಅದಿರಿನಿಂದಲೇ ನಮ್ಮ ಮನೆಗಳ ಒಲೆ ಉರಿಯಿತು, ನನ್ನಂಥವರ ಓದು ನಡೆಯಿತು. ಅದನ್ನು ಮರೆಯಲಾರೆ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡವನ್ನೇ ನೋಡಿ ಬೆಳೆದ ಮಕ್ಕಳಿಗೆ ಅದರ ಮೊದಲಿನ ತಲೆ ಹೇಗಿತ್ತೆಂದು ಗೊತ್ತಿಲ್ಲ. ಗ್ರೀನ್‌ಲಾನಂತೆ ಇಲ್ಲಿಗೆ ಯಾರೂ ಕ್ಯಾಮೆರಾ ಹೊತ್ತು ಬರಲಿಲ್ಲ.

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳಿರುತ್ತವೆ. ಒಂದೊಂದು ರೇಖೆಯೂ ಇಪ್ಪತ್ತು ಮೀಟರಿನ ಏರು. ಮಕ್ಕಳು ಆ ರೇಖೆಗಳನ್ನು ಬ್ಲೆಂಡರಿನಲ್ಲಿ ಒಂದರ ಮೇಲೊಂದು ಇಟ್ಟು, ಮೇಲೆ ಹೊದಿಕೆ ಹಾಸಿ ಗುಡ್ಡ ಎಬ್ಬಿಸಿದರು. ಗಣಿಯಲ್ಲಿ ದುಡಿದು ನಿವೃತ್ತರಾದ ಆ ಹುಡುಗಿಯ ತಾತನನ್ನು ಕರೆತಂದೆವು. ಮೇಜಿನ ಮೇಲೆ ನಕ್ಷೆ ಹಾಸಿ, ಮೊಬೈಲನ್ನು ಅವರ ಕೈಗೆ ಕೊಟ್ಟೆವು.

ತಾತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಲ್ಲಾ ಐತಿ, ದಾರಿನೇ ಇಲ್ಲಲ್ಲಮ್ಮ" ಎಂದರು. ಯಾವ ದಾರಿ ಎಂದು ಮೊಮ್ಮಗಳು ಕೇಳಿದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬುತ್ತಿ ಗಂಟು ಹಿಡಿದು ತಾವು ಹತ್ತುತ್ತಿದ್ದ ಕಾಲುದಾರಿಯನ್ನು ಅವರು ಬರಿಯ ಬೆರಳಿನಿಂದ ನಕ್ಷೆಯ ಮೇಲೆ ಎಳೆದರು. ಎರಡು ಕಡೆ ತಡೆದು, "ಇಲ್ಲಿ ಕುಂತು ನೀರು ಕುಡೀತಿದ್ವಿ" ಎಂದರು. ಮಕ್ಕಳು ಪೆನ್ಸಿಲಿನಿಂದ ಗುರುತು ಹಾಕಿಕೊಂಡರು.

ದಾರಿಗೆ ಯಾವ ಬಣ್ಣ ಹಚ್ಚಬೇಕೆಂಬ ಚರ್ಚೆ ನಡೆಯಿತು. ನಕ್ಷೆಯಲ್ಲಿಲ್ಲ, ಆದ್ದರಿಂದ ಬೂದು ಎಂದು ಕೆಲವರು. ತಾತ ನಡೆದದ್ದು, ಊಹೆ ಹೇಗಾದೀತು ಎಂದು ಹುಡುಗಿ ಜಗಳಕ್ಕೇ ನಿಂತಳು. ಕೊನೆಗೆ ಮೂರನೆಯ ಬಣ್ಣವೊಂದನ್ನು ಆರಿಸಿದರು: ನಮ್ಮ ನೆಲದ್ದೇ ಕೆಂಪು. ಕೆಳಗೆ 'ಹಿರಿಯರು ಹೇಳಿದ್ದು' ಎಂದು ಬರೆದರು.

ಈ ಸಂಚಿಕೆ ಓದುತ್ತಿರುವ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ, ಆಲ್ಬಮಿನಲ್ಲಿ, ಮದುವೆಯದೋ ಶಾಲಾ ವಾರ್ಷಿಕೋತ್ಸವದ್ದೋ ಹಳೆಯ ಫೋಟೊ ಇದ್ದು, ಅದರ ಹಿಂದೆ ಗುಡ್ಡದ ಒಂದು ತುಣುಕು ಕಂಡರೂ ಸಾಕು, ಶಾಲೆಗೆ ತಂದು ತೋರಿಸಿ. ಪ್ರತಿ ತೆಗೆದುಕೊಂಡು ಮರಳಿಸುತ್ತೇವೆ. ಹಿರಿಯರಿದ್ದರೆ ಅವರನ್ನೂ ಕರೆತನ್ನಿ. ಮೇಜಿನ ಮೇಲೆ ನಕ್ಷೆ ಹಾಸಿಯೇ ಇದೆ.