ತೊಟ್ಟು ಉಳಿಸಿದವರು

ಕನ್ನಡದಲ್ಲಿ ‘ತೊಟ್ಟು’ ಎಂದರೆ ಹಣ್ಣನ್ನು ಕೊಂಬೆಗೆ ಹಿಡಿದಿಡುವ ಕಡ್ಡಿ. ಮೊಲೆಯ ತುದಿಗೂ ಅದೇ ಹೆಸರು. ಒಂದು ತೊಟ್ಟು ಹಾಲು ಅಂದರೆ ಒಂದು ಹನಿ. ಸ್ತನದ ಗಾತ್ರ ಇಳಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆ ಓದುವಾಗ ಈ ಮೂರೂ ಅರ್ಥಗಳು ನನಗೆ ಮತ್ತೆ ಮತ್ತೆ ಎದುರಾದವು.

1922ರಲ್ಲಿ ಷಿಕಾಗೋದ ಶಸ್ತ್ರವೈದ್ಯ ಮ್ಯಾಕ್ಸ್ ಥೋರೆಕ್ ಒಂದು ವಿಧಾನವನ್ನು ಪ್ರಕಟಿಸಿದ. ತೊಟ್ಟನ್ನು ಅದರ ಸುತ್ತಲ ಕಪ್ಪು ವೃತ್ತದ ಸಮೇತ ಬಿಡಿಸಿ ತೆಗೆಯುವುದು, ಹೆಚ್ಚಿನ ಭಾಗ ಕತ್ತರಿಸುವುದು, ಆಮೇಲೆ ತೇಪೆ ಹಾಕಿದಂತೆ ತೊಟ್ಟನ್ನು ಮತ್ತೆ ಕೂರಿಸುವುದು. ಭಾರದಿಂದ ಕತ್ತು, ಬೆನ್ನು, ಭುಜ ಸೋತ ಹೆಂಗಸರಿಗೆ ಇದು ದೊಡ್ಡ ಬಿಡುಗಡೆ. ಆದರೆ ಹಾಲಿನ ನಾಳಗಳೆಲ್ಲ ಕಡಿದುಹೋಗುತ್ತಿದ್ದವು. ಬಹಳ ದೊಡ್ಡ ಸ್ತನಗಳಿಗೆ ಈ ವಿಧಾನವನ್ನು ಈಗಲೂ ಬಳಸುವುದುಂಟು.

ಆಮೇಲಿನವರು ತೊಟ್ಟನ್ನು ಕೀಳದೆ ಜರುಗಿಸಲು ದಾರಿ ಹುಡುಕಿದರು. ಸುತ್ತಲಿನ ಒಳಚರ್ಮವನ್ನು ಉಳಿಸಿಕೊಂಡರೆ ರಕ್ತ ಹರಿಯುತ್ತದೆ ಎಂದು 1930ರಲ್ಲಿ ಶ್ವಾರ್ಟ್ಸ್‌ಮನ್ ತೋರಿಸಿದ. 1960ರಲ್ಲಿ ಸ್ವೀಡನ್ನಿನ ಸ್ಟ್ರೋಂಬೆಕ್ ತೊಟ್ಟಿಗೆ ಅಡ್ಡಡ್ಡಲಾಗಿ ಮಾಂಸದ ಸೇತುವೆ ಬಿಟ್ಟ, 1972ರಲ್ಲಿ ಮೆಕಿಸಾಕ್ ಮೇಲಿಂದ ಕೆಳಕ್ಕೆ ಬಿಟ್ಟ, ಅದೇ ದಶಕದಲ್ಲಿ ಇನ್ನು ಕೆಲವರು ಕೆಳಗಿನದನ್ನಷ್ಟೇ ಉಳಿಸಿದರು. ಈ ಸೇತುವೆಗೆ ವೈದ್ಯರು ಪೆಡಿಕಲ್ ಎನ್ನುತ್ತಾರೆ, ಲ್ಯಾಟಿನ್ನಿನಲ್ಲಿ ‘ಪುಟ್ಟ ಪಾದ’. ಅನುವಾದಿಸಬೇಕಾದರೆ ತೊಟ್ಟಿನ ತೊಟ್ಟು ಎಂದೇ ಬರೆಯಬೇಕೇನೋ!

ಇವರೆಲ್ಲರ ಚಿಂತೆ ಮುಖ್ಯವಾಗಿ ರಕ್ತದ್ದು, ಆಕಾರದ್ದು. 1956ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ವೈಸ್ ತನ್ನ ನಕ್ಷೆಗೆ ಬ್ರಾದ ವಿನ್ಯಾಸವನ್ನೇ ಮಾದರಿ ಮಾಡಿಕೊಂಡ. ಚರ್ಮದ ಮೇಲೆ ಆ ನಕ್ಷೆಯನ್ನು ಇಂದಿಗೂ ಗೀಚುತ್ತಾರೆ. ದರ್ಜಿಯ ಅಳತೆಯಲ್ಲಿ ಕೂಸಿಗೆ ಜಾಗವಿರಲಿಲ್ಲ. ಹಾಲು ಉಳಿದದ್ದು ಹೆಚ್ಚಾಗಿ ಅಕಸ್ಮಾತ್ತಾಗಿ: ರಕ್ತಕ್ಕೆಂದು ಬಿಟ್ಟ ಸೇತುವೆಯಲ್ಲಿ ಒಂದಿಷ್ಟು ಗ್ರಂಥಿ, ನಾಳ, ನರ ಉಳಿದುಕೊಂಡವು. ನರವೂ ಮುಖ್ಯ. ಕೂಸು ಚೀಪಿದ ಸುದ್ದಿ ಮಿದುಳಿಗೆ ತಲುಪಿದರೆ ತಾನೆ ಆಕ್ಸಿಟೋಸಿನ್ ಬಿಡುಗಡೆಯಾಗಿ ಹಾಲು ಇಳಿಯುವುದು.

ನಾಳಗಳೆಷ್ಟು ಎಂಬುದರಲ್ಲೂ ಪಠ್ಯಪುಸ್ತಕಗಳು ಉದಾರವಾಗಿದ್ದವು. ಆಸ್ಟ್ಲಿ ಕೂಪರ್ ಸ್ತನದ ರಚನೆಯ ಬಗ್ಗೆ ಪುಸ್ತಕ ತಂದದ್ದು 1840ರಲ್ಲಿ. ಅಲ್ಲಿಂದ ಬಹುಕಾಲ ಒಂದು ಸ್ತನಕ್ಕೆ 15ರಿಂದ 20 ನಾಳ ಎಂದು ಬರೆಯುತ್ತಿದ್ದರು. 2005ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹಾಲೂಡುವ ತಾಯಂದಿರ ಸ್ತನವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದಾಗ ಸಿಕ್ಕ ಸರಾಸರಿ ಸುಮಾರು 9. ಇಪ್ಪತ್ತರಲ್ಲಿ ಮೂರು ಕಡಿಯುವುದೂ ಒಂಬತ್ತರಲ್ಲಿ ಮೂರು ಕಡಿಯುವುದೂ ಒಂದೇ ಅಲ್ಲ.

ಈ ಶಸ್ತ್ರಚಿಕಿತ್ಸೆಯ ಸಮ್ಮತಿಪತ್ರವೊಂದನ್ನು ನಾನು ಕನ್ನಡಕ್ಕೆ ತಂದಿದ್ದೆ. ‘ಹಾಲೂಡಿಸುವಿಕೆಯ ಮೇಲೆ ಪರಿಣಾಮ ಆಗಬಹುದು’ ಎಂಬುದು ಒಂದೇ ಸಾಲು. ಪೂರ್ತಿ ನಿಲ್ಲಬಹುದೇ, ಅರ್ಧ ಆಗಬಹುದೇ? ಆ ‘ಬಹುದು’ವಿನೊಳಗೆ ಎಲ್ಲವೂ ಅಡಗಿತ್ತು. ಇಪ್ಪತ್ತರ ಹುಡುಗಿ ಅದಕ್ಕೆ ಸಹಿ ಹಾಕುತ್ತಾಳೆ. ಉತ್ತರ ಸಿಗುವುದು ಹತ್ತು ವರ್ಷದ ಮೇಲೆ, ಬಾಣಂತಿ ಕೋಣೆಯಲ್ಲಿ.

2001ರಲ್ಲಿ ಅಮೆರಿಕದ ಡಯಾನಾ ವೆಸ್ಟ್ ಈ ವಿಷಯಕ್ಕೇ ಮೀಸಲಾದ ಪುಸ್ತಕ ಬರೆದಾಗ ಪ್ರಶ್ನೆಯೇ ಬದಲಾಯಿತು. ಆಗುತ್ತದೋ ಇಲ್ಲವೋ ಎಂಬುದರ ಬದಲು ಎಷ್ಟು ಆಗುತ್ತದೆ, ಉಳಿದದ್ದಕ್ಕೆ ಏನು ಮಾಡೋಣ ಎಂಬ ಲೆಕ್ಕ. ಪ್ರತಿ ಬಸುರಿನಲ್ಲೂ ಗ್ರಂಥಿ ಹೊಸದಾಗಿ ಬೆಳೆಯುತ್ತದೆ, ಕಡಿದ ನಾಳಗಳಲ್ಲಿ ಕೆಲವು ಕೂಡಿಕೊಳ್ಳಲೂಬಹುದು. ಹಾಗಾಗಿ ಎರಡನೆಯ ಕೂಸಿಗೆ ಹೆಚ್ಚು ಹಾಲು ಸಿಕ್ಕ ತಾಯಂದಿರಿದ್ದಾರೆ. ಕೊರತೆಯನ್ನು ತೊಟ್ಟಿನ ಪಕ್ಕಕ್ಕೆ ಅಂಟಿಸಿದ ಸಣ್ಣ ನಳಿಕೆಯಿಂದ ತುಂಬಿಸಬಹುದು. ಕೂಸು ಎದೆ ಚೀಪುತ್ತಲೇ ಬೇರೆ ಹಾಲನ್ನೂ ಕುಡಿಯುತ್ತದೆ.

ಆ ಬೇರೆ ಹಾಲು ಎಲ್ಲಿಂದ? ಮುಂಬೈ ಓದುಗರಿಗೆ ಸಯಾನ್ ಆಸ್ಪತ್ರೆ ಗೊತ್ತಿದ್ದೀತು. 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅಲ್ಲಿ ಎದೆಹಾಲಿನ ಬ್ಯಾಂಕ್ ಆರಂಭಿಸಿದರು, ಏಷ್ಯಾದಲ್ಲೇ ಮೊದಲನೆಯದು. ಆದರೆ ಇಂಥ ಬ್ಯಾಂಕುಗಳ ಹಾಲಿನ ಮೇಲೆ ಮೊದಲ ಹಕ್ಕು ದಿನ ತುಂಬದೆ ಹುಟ್ಟಿದ, ಕಾಯಿಲೆ ಬಿದ್ದ ಕೂಸುಗಳದು. ತೂಕ ಸರಿಯಿರುವ ಮಗುವಿನ ತಾಯಿಗೆ ಉಳಿಯುವುದು ಸಾಮಾನ್ಯವಾಗಿ ಡಬ್ಬದ ಪುಡಿಯೇ. ಅದರಲ್ಲಿ ನಾಚಿಕೆಯೇನಿಲ್ಲ. ‘ಕುಡಿಸ್ತಾ ಇರಮ್ಮಾ, ತಾನಾಗೇ ಬರುತ್ತೆ’ ಎಂಬ ಮನೆಮಾತು ಹಳೆಯ ಹೊಲಿಗೆ ಗುರುತು ಇರುವವಳ ವಿಷಯದಲ್ಲಿ ಅಪಾಯ. ಮೊದಲ ವಾರಗಳಲ್ಲಿ ನಂಬಬೇಕಾದದ್ದು ಮಗುವಿನ ತೂಕವನ್ನು, ಒದ್ದೆಯಾದ ಬಟ್ಟೆಗಳ ಎಣಿಕೆಯನ್ನು.